ಗಣಿಯ ಅಪಘಾತ: ಹೊಣೆ ಯಾರದು, ಹುಡುಕಾಟ ಎಲ್ಲಿಯವರೆಗೆ?

ನಮ್ಮ ದಾವಣಗೆರೆಗೆ ಅಂಟಿಕೊಂಡಂತೆ ಆವರಗೆರೆ ಎಂಬ ಊರಿರುವುದು ಈ ಸೀಮೆಯ ಶ್ರೋತೃಗಳಿಗೆ ಗೊತ್ತೇ ಇದೆ. ನಾನು ಹುಡುಗನಾಗಿದ್ದಾಗ ಅಲ್ಲಿಯ ಒಂದು ಹೊಲದಲ್ಲಿ ಬಾವಿಯನ್ನು ತೋಡುತ್ತಿದ್ದರು. ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಸುಮಾರು ನಲವತ್ತು ಅಡಿ ಇಳಿದಿದ್ದಾಗ ಒಂದು ಮಧ್ಯಾಹ್ನ ಮೇಲಿನ ಕಪ್ಪುಮಣ್ಣು ಕುಸಿದು ಇಬ್ಬರು ಕೆಲಸಗಾರರ ಮೇಲೆ ಬಿದ್ದಿತು. ಒಬ್ಬನನ್ನು ಗಳಿಗೆಯೊಳಗಾಗಿ ಎಳೆದು ಹಾಕಿದರು. ಇನ್ನೊಬ್ಬನು ಕಾಣಲಿಲ್ಲ. ಊರಿಗೆ ಊರೇ ಗುದ್ದಲಿ, ಪುಟ್ಟಿ, ಹಗ್ಗಗಳನ್ನು ಹಿಡಿದು ಬಂದಿತು. ಆದರೆ ತೆಗೆದಷ್ಟೂ ಮಣ್ಣು ಜರಿಯುತ್ತಿದ್ದಿತು. ಹೊತ್ತು ಮುಳುಗುವ ವೇಳೆಗೆ ಹಿರಿಯರು ಕೂಡಿ, ಇನ್ನು ಇಳಿದರೆ ಇಳಿದವರೂ ಹೋದಾರು, ಬೆಳಗಾಗಲಿ ಎಂದು ತೀರ್ಮಾನಿಸಿದರು. ಆ ಕೆಲಸಗಾರನ ಹೆಂಡತಿ ಮಾತ್ರ ಬಾವಿಯ ದಡವನ್ನು ಬಿಡಲಿಲ್ಲ. "ಒಳಗ ಅದಾನೆ, ನಾ ಮನಿಗೆ ಬರಂಗಿಲ್ಲ" ಎಂದಳು. ಅವನ ಜೊತೆಯ ಕೆಲಸಗಾರರು ನಾಲ್ವರು ಹಿರಿಯರ ಮಾತನ್ನು ಮೀರಿ ಪೆಟ್ರೋಮ್ಯಾಕ್ಸ್ ದೀಪದ ಬೆಳಕಿನಲ್ಲಿ ರಾತ್ರಿಯೆಲ್ಲ ತೆಗೆದರು. ಬೆಳಗಿನ ಜಾವ ಅವನು ಸಿಕ್ಕಿದನು, ಜೀವವಿರಲಿಲ್ಲ. ಮೈ ಇನ್ನೂ ಬೆಚ್ಚಗಿತ್ತೆಂದು ಎತ್ತಿದವರು ಹೇಳಿದರು. ಇಲ್ಲ, ತಣ್ಣಗಾಗಿ ಬಹಳ ಹೊತ್ತಾಗಿತ್ತೆಂದು ಹೊಲದವರ ಕಡೆಯವರು ಹೇಳಿದರು.

ಆಮೇಲೆ ಎಷ್ಟೋ ದಿನ ಆ ಊರಿನ ಕಟ್ಟೆಯ ಮೇಲೆ ಎರಡೇ ಮಾತು ನಡೆಯುತ್ತಿದ್ದವು. ಮಳೆಯಲ್ಲಿ, ಕಲ್ಲು ಕಟ್ಟಿಸದೆ, ಅಷ್ಟು ಆಳಕ್ಕೆ ತೋಡಿಸಿದವರು ಯಾರು ಎಂಬುದು ಒಂದು. ಸಂಜೆ ಕೈಬಿಟ್ಟದ್ದು ಸರಿಯೇ ಎಂಬುದು ಮತ್ತೊಂದು. ಮುಂದೆ ನಾನು ಚರಿತ್ರೆಯನ್ನು ಓದುವ, ಓದಿಸುವ ವೃತ್ತಿಗೆ ಬಂದ ಮೇಲೆ, ಪ್ರಪಂಚದ ದೊಡ್ಡ ದೊಡ್ಡ ಗಣಿಗಳ ಅಪಘಾತಗಳ ವಿಚಾರಣೆಯ ವರದಿಗಳಲ್ಲಿಯೂ ಇವೇ ಎರಡು ಪ್ರಶ್ನೆಗಳಿರುವುದನ್ನು ಕಂಡೆನು. ಭೇದವಿಷ್ಟೆ: ಆವರಗೆರೆಯ ಬಾವಿಯ ಯಜಮಾನನು ಅದೇ ಕಟ್ಟೆಯ ಮೇಲೆ ಕುಳಿತಿದ್ದನು, ಗಣಿಯ ಯಜಮಾನನು ಸಾವಿರಾರು ಮೈಲಿಗಳ ಆಚೆ ಇರುತ್ತಾನೆ. ಈ ಎರಡು ಪ್ರಶ್ನೆಗಳನ್ನು ನಮ್ಮ ನಾಡಿನ ಕೋಲಾರದ ಚಿನ್ನದ ಗಣಿಗಳಿಂದ ಮೊದಲುಮಾಡಿ ಪರಿಶೀಲಿಸಬೇಕೆಂದು ಈ ಹೊತ್ತಿನ ಉದ್ದೇಶ.

ಕೋಲಾರದ ಗಣಿಗಳ ಪೂರ್ವಚರಿತ್ರೆಯನ್ನು ಇಲ್ಲಿ ಬೆಳೆಸುವುದಿಲ್ಲ. ೧೮೦೨ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬಾತನು ಮಾರಿಕುಪ್ಪದ ಸುತ್ತಿನಲ್ಲಿ ಹಳ್ಳಿಯವರು ಮಣ್ಣನ್ನು ತೊಳೆದು ಚಿನ್ನವನ್ನು ತೆಗೆಯುವುದನ್ನು ಕಂಡು ವರದಿ ಮಾಡಿದನು. ೧೮೭೫ರಲ್ಲಿ ಲವೆಲ್ ಎಂಬ ನಿವೃತ್ತ ಸೈನಿಕನಿಗೆ ಮೈಸೂರು ಸರ್ಕಾರದಿಂದ ಹಕ್ಕು ದೊರೆಯಿತು. ೧೮೮೦ರ ಈಚೆಗೆ ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳು ಎಂಬ ವ್ಯಾಪಾರಸಂಸ್ಥೆಯವರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಮೈಸೂರು ಮೈನ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳು ಹೆಸರಾದವು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ತೊಂಬತ್ತು ಮೈಲಿಗಳಿಗಿಂತ ಹೆಚ್ಚು ದೂರ ಹರಿದು ಬಂದದ್ದು ಈ ಗಣಿಗಳಿಗಾಗಿಯೇ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಆಮೇಲೆ, ೧೯೦೫ರಲ್ಲಿ. ಇವೆಲ್ಲ ಶಾಲೆಯ ಪುಸ್ತಕಗಳಲ್ಲಿಯೂ ಸಿಕ್ಕುವ ಸಂಗತಿಗಳು. ಅಷ್ಟಾಗಿ ಸಿಕ್ಕದ ಸಂಗತಿಯೊಂದಿದೆ. ೧೮೯೭ರಲ್ಲಿ ಕೋಲಾರದ ಗಣಿಯಲ್ಲಿ ಒಂದೇ ಅಪಘಾತದಲ್ಲಿ ೫೨ ಮಂದಿ ಸತ್ತರು.

ಅದೇ ವರ್ಷ ಬಲೂಚಿಸ್ತಾನದ ಖೋಸ್ತ್ ಎಂಬಲ್ಲಿಯ ಕಲ್ಲಿದ್ದಲ ಗಣಿಯಲ್ಲಿ ೪೭ ಮಂದಿ ಸತ್ತರು. ಈ ಎರಡು ದುರಂತಗಳ ಮೂಲಕವಾಗಿ, ಅದುವರೆಗೆ ಕುಂಟುತ್ತಿದ್ದ ಗಣಿಗಳ ಶಾಸನದ ಪ್ರಸ್ತಾಪಕ್ಕೆ ವೇಗ ಬಂದಿತು. ಬ್ರಿಟಿಷ್ ಇಂಡಿಯಾ ಸರ್ಕಾರದವರು ೧೯೦೧ರಲ್ಲಿ ಗಣಿಗಳ ಆ್ಯಕ್ಟನ್ನು ಮಾಡಿದರು. ಮರುವರ್ಷ ಕಲ್ಕತ್ತೆಯಲ್ಲಿ ಗಣಿಗಳ ಪರೀಕ್ಷಣೆಯ ಕಚೇರಿಯು ಸ್ಥಾಪಿತವಾಯಿತು. ಈಗ ಧನಬಾದಿನಲ್ಲಿರುವ ಗಣಿಸುರಕ್ಷಣೆಯ ಇಲಾಖೆಯು ಅದರ ಸಂತಾನವೇ. ಆದರೆ ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಕೋಲಾರವಿದ್ದುದು ಮೈಸೂರು ಸಂಸ್ಥಾನದಲ್ಲಿ. ಚಾಮರಾಜ ಒಡೆಯರು ೧೮೯೪ರಲ್ಲಿ ಕಾಲವಾಗಿ, ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿ, ಶೇಷಾದ್ರಿ ಅಯ್ಯರವರು ದಿವಾನರಾಗಿದ್ದ ಕಾಲ ಅದು. ಬ್ರಿಟಿಷ್ ಇಂಡಿಯಾದ ಆ್ಯಕ್ಟು ಸಂಸ್ಥಾನದೊಳಕ್ಕೆ ಕಾಲಿಡುವಂತಿರಲಿಲ್ಲ. ಯಾವ ೫೨ ಮಂದಿಯ ಸಾವು ಒಂದು ಶಾಸನವನ್ನು ಹುಟ್ಟಿಸಲು ನೆರವಾಯಿತೋ, ಆ ಶಾಸನವು ಅವರ ಮಕ್ಕಳನ್ನು ಕಾಯುವಂತಿರಲಿಲ್ಲ! ಸಂಸ್ಥಾನವು ತನ್ನದೇ ಆದ ರೆಗ್ಯುಲೇಷನ್ನುಗಳನ್ನು ಮಾಡಿಕೊಂಡಿತು, ತನ್ನದೇ ಆದ ಇನ್‌ಸ್ಪೆಕ್ಟರರನ್ನು ನೇಮಿಸಿತು. ಇಡೀ ದೇಶಕ್ಕೆ ಒಂದೇ ಗಣಿಶಾಸನವೆಂದಾದದ್ದು ಸಂಸ್ಥಾನಗಳು ಒಕ್ಕೂಟದಲ್ಲಿ ಲೀನವಾದ ಮೇಲೆ, ೧೯೫೨ರ ಆ್ಯಕ್ಟಿನಿಂದ.

ಸಂಸ್ಥಾನದ ಇನ್‌ಸ್ಪೆಕ್ಟರರು ಅಸಮರ್ಥರಾಗಿದ್ದರೆಂದು ನನ್ನ ಅಭಿಪ್ರಾಯವಲ್ಲ. ಭೂಗರ್ಭ ಇಲಾಖೆಯ ಮುಖ್ಯಸ್ಥರೂ ಗಣಿಗಳ ಮುಖ್ಯ ಇನ್‌ಸ್ಪೆಕ್ಟರರೂ ಆಗಿದ್ದ ಡಾಕ್ಟರ್ ಸ್ಮೀತ್ ಎಂಬವರು ೧೯೦೪ರಷ್ಟು ಹಿಂದೆಯೇ ಕೋಲಾರದ ಗಣಿಗಳ ಒಂದು ವಿಶೇಷವಾದ ಅಪಾಯವನ್ನು ಕುರಿತು ಇಲಾಖೆಯಿಂದ ಪುಸ್ತಿಕೆಯೊಂದನ್ನು ಪ್ರಕಟಿಸಿದರು. ಆ ಅಪಾಯವನ್ನು ಆಗ 'ಏರ್ ಬ್ಲಾಸ್ಟ್' ಎಂದು ಕರೆಯುತ್ತಿದ್ದರು. ಎಂದರೆ ಗಾಳಿಯ ಸ್ಫೋಟ. ಕೆಲಸಗಾರನು ಸುರಂಗದ ತುದಿಯಲ್ಲಿ ನಿಂತಿರುವಾಗ, ಯಾವ ಸಿಡಿಮದ್ದೂ ಇಲ್ಲದೆ, ಎದುರಿನ ಬಂಡೆಯೇ ತೋಪಿನಂತೆ ಸಿಡಿಯುತ್ತಿದ್ದಿತು. ಒಮ್ಮೊಮ್ಮೆ ಅದರ ಅದುರು ಮೇಲಿನ ಊರಿಗೂ ಮುಟ್ಟಿ ಮನೆಗಳ ಪಾತ್ರೆಗಳು ಅಲುಗುತ್ತಿದ್ದವು. ಅದರ ಹಿಂದೆ ನುಗ್ಗುವ ಗಾಳಿಯು ಮನುಷ್ಯರನ್ನು ಎತ್ತಿ ಒಗೆಯುತ್ತಿದ್ದುದರಿಂದ, ಗಾಳಿಯೇ ಕಾರಣವೆಂಬಂತೆ ಆ ಹೆಸರು ನಿಂತಿತು.

ಹೆಸರಿನಲ್ಲಿ ಏನಿದೆಯೆಂದು ಕೆಲವರು ಕೇಳಬಹುದು. ಬಹಳವಿದೆ. ಗಾಳಿಗೆ ಯಜಮಾನನಿಲ್ಲ. ಗಾಳಿಯಿಂದ ಸತ್ತನೆಂದರೆ ಸಿಡಿಲು ಬಡಿದು ಸತ್ತನೆಂದಂತೆಯೇ. ಅಲ್ಲಿ ಹೊಣೆಯ ಪ್ರಶ್ನೆಯೇ ಹುಟ್ಟುವುದಿಲ್ಲ. ಬಂಡೆಯು ಸಿಡಿಯಿತೆಂದು ಹೇಳಿದ ಕೂಡಲೆ ಮಾತು ಬೇರೆಯಾಗುತ್ತದೆ. ಬಂಡೆಯು ಏಕೆ ಸಿಡಿಯಿತು? ನೆಲದೊಳಗೆ ಸಾವಿರಾರು ಅಡಿಗಳ ಕಲ್ಲಿನ ಭಾರವು ಎಲ್ಲೆಡೆಯೂ ಸಮನಾಗಿ ಕುಳಿತಿರುತ್ತದೆ. ಚಿನ್ನವಿರುವ ಬೆಣಚುಕಲ್ಲಿನ ಪಟ್ಟೆಯನ್ನು ಕೊರೆದು ತೆಗೆದಾಗ, ಆ ಖಾಲಿಯು ಹೊರಬೇಕಾಗಿದ್ದ ಭಾರವು ಪಕ್ಕಕ್ಕೆ ಸರಿದು, ನಡುವೆ ಬಿಟ್ಟಿರುವ ಕಂಬಗಳ ಮೇಲೆ ಕೂಡಿಕೊಳ್ಳುತ್ತದೆ. ಕೋಲಾರದ ಕಲ್ಲು ಬಹು ಗಟ್ಟಿ. ಮೆತ್ತಗಿನ ಕಲ್ಲಿನಂತೆ ಸ್ವಲ್ಪ ಸ್ವಲ್ಪವಾಗಿ ಬಾಗುವುದಿಲ್ಲ. ತಡೆಯುವಷ್ಟು ತಡೆದು, ತಡೆಯಲಾರದಾದಾಗ ಒಮ್ಮೆಗೇ ಒಡೆಯುತ್ತದೆ. ಹಾಗಿದ್ದ ಮೇಲೆ, ಕಂಬಗಳನ್ನು ಎಲ್ಲಿ ಬಿಟ್ಟರು, ಎಷ್ಟು ದಪ್ಪವಾಗಿ ಬಿಟ್ಟರು, ಕೊರೆದ ಜಾಗವನ್ನು ಏತರಿಂದ ತುಂಬಿದರು, ಯಾವ ಕ್ರಮದಲ್ಲಿ ಕೊರೆದರು ಎಂಬುದರ ಮೇಲೆ ಸಿಡಿಯುವುದೂ ಸಿಡಿಯದಿರುವುದೂ ನಿಂತಿತು. ಮರದ ದಿಮ್ಮಿಗಳನ್ನು ಊರೆಗೊಟ್ಟರೆ ಅವು ಭಾರಕ್ಕೆ ಕುಗ್ಗಿಹೋಗುತ್ತವೆ. ಕಗ್ಗಲ್ಲಿನ ಗೋಡೆಗಳನ್ನು ಒತ್ತಾಗಿ ಕಟ್ಟಿ ತುಂಬಿದರೆ ಭಾರವನ್ನು ಹೊರುತ್ತವೆ. ಮುಂದೆ ಕಾಂಕ್ರೀಟನ್ನೂ ತುಂಬಿದರು. ಗಣಿಯವರು ಈ ಪಾಠಗಳನ್ನು ಕಲಿತರು. ಒಂದೊಂದನ್ನೂ ಕೆಲಸಗಾರರ ಪ್ರಾಣವನ್ನು ತೆತ್ತು ಕಲಿತರು. 'ರಾಕ್ ಬರ್ಸ್ಟ್', ಎಂದರೆ ಬಂಡೆಯ ಸಿಡಿತ ಎಂಬ ಹೆಸರು ಕ್ರಮವಾಗಿ ಬಳಕೆಗೆ ಬಂದಿತು. ೧೯೭೮ರ ಈಚೆಗೆ ಭಾಭಾ ಅಣುಸಂಶೋಧನಾ ಕೇಂದ್ರದವರ ಸಹಾಯದಿಂದ ಗಣಿಯ ಸುತ್ತಲೂ ಭೂಕಂಪಮಾಪಕಗಳ ಜಾಲವನ್ನು ಹರಡಿ, ಪ್ರತಿಯೊಂದು ಸಿಡಿತದ ಸ್ಥಾನವನ್ನೂ ಗುರುತಿಸುವ ಏರ್ಪಾಡು ಆಯಿತು.

ಆದರೆ ಹೊಣೆಯ ಲೆಕ್ಕವನ್ನು ಬರೆಯುವ ಪದ್ಧತಿಯು ಇಷ್ಟು ಬೇಗ ಬದಲಾಗಲಿಲ್ಲ. ಇಂಡಿಯಾದ ಗಣಿಗಳ ಮುಖ್ಯ ಇನ್‌ಸ್ಪೆಕ್ಟರರ ವಾರ್ಷಿಕ ವರದಿಗಳನ್ನು ತೆರೆದರೆ, ಸತ್ತವರನ್ನು ಕಾರಣದ ಮೇಲೆ ಪಂಕ್ತಿಗಳಾಗಿ ವಿಭಾಗಿಸಿರುವುದು ಕಾಣುತ್ತದೆ: ಆಕಸ್ಮಿಕ, ಸತ್ತವನದೇ ತಪ್ಪು, ಜೊತೆಯ ಕೆಲಸಗಾರನ ತಪ್ಪು, ಕೆಳಗಿನ ಅಧಿಕಾರಿಯ ತಪ್ಪು, ಆಡಳಿತದವರ ತಪ್ಪು. ಬಹುಪಾಲು ಮರಣಗಳು ಮೊದಲನೆಯ ಪಂಕ್ತಿಯಲ್ಲಿಯೇ ಕುಳಿತಿರುತ್ತವೆ, ಕೊನೆಯದರಲ್ಲಿ ಬೆರಳೆಣಿಕೆ. ಲೆಕ್ಕವನ್ನು ಬರೆದವರು ಸುಳ್ಳು ಬರೆದರೆಂದು ನಾನು ಹೇಳುವುದಿಲ್ಲ. ಆದರೆ ಸತ್ತವನು ತನ್ನ ಪಕ್ಷವನ್ನು ಹೇಳಲಾರನು. ಅವನ ಜೊತೆಯವನು ಮರುದಿನವೂ ಅದೇ ಮೇಸ್ತ್ರಿಯ ಕೈಕೆಳಗೆ ಇಳಿಯಬೇಕು. ಕೋಲಾರದಲ್ಲಿ ಕೆಳಗೆ ಇಳಿಯುತ್ತಿದ್ದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಡು ಮುಂತಾದ ತಮಿಳು ಸೀಮೆಯಿಂದ ಬಂದ, ಊರುಗಳಲ್ಲಿ ಅಸ್ಪೃಶ್ಯರೆನ್ನಿಸಿಕೊಂಡಿದ್ದ ಬಡ ಕುಲಗಳವರು. ಬಹುಮಂದಿ ಕಂಟ್ರಾಕ್ಟುದಾರರ ಕೈಕೆಳಗಿನವರು. ಸಾಕ್ಷಿ ಹೇಳುವುದು ಅವರಿಗೆ ಸುಲಭವಾದ ಕೆಲಸವಾಗಿರಲಿಲ್ಲ. ಇನ್ನೊಂದನ್ನೂ ಮರೆಯಬಾರದು. ಗಣಿಯಿಂದ ಬಂದ ಚಿನ್ನದಲ್ಲಿ ನೂರಕ್ಕೆ ಐದರಂತೆ ರಾಜಧನವು ಸಂಸ್ಥಾನದ ಬೊಕ್ಕಸಕ್ಕೆ ಸೇರುತ್ತಿದ್ದಿತು. ಪಾಲುದಾರನೂ ಪರೀಕ್ಷಕನೂ ಒಬ್ಬನೇ ಆಗಿರುವಲ್ಲಿ, ಪರೀಕ್ಷಕನು ಎಷ್ಟೇ ಪ್ರಾಮಾಣಿಕನಾಗಿರಲಿ, ಜನಕ್ಕೆ ಪೂರ್ತಿಯಾದ ನಂಬಿಕೆ ಹುಟ್ಟುವುದು ಕಷ್ಟ. ಕೆಲಸಗಾರರು ಮೌನಿಗಳೇನೂ ಆಗಿರಲಿಲ್ಲ. ೧೯೩೦ರಲ್ಲಿ ಬೆರಳಚ್ಚನ್ನು ಕೊಡಬೇಕೆಂಬ ಹೊಸ ನಿಯಮ ಬಂದಾಗ ಸಾವಿರಾರು ಮಂದಿ ಕೆಲಸವನ್ನು ಬಿಟ್ಟು ನಿಂತರು. ಮಾನಕ್ಕೆ ಧಕ್ಕೆ ಬಂದಿತೆಂದು ನಿಂತವರು ಪ್ರಾಣಕ್ಕೆ ಧಕ್ಕೆ ಬಂದಾಗ ಏಕೆ ಹಾಗೆ ನಿಲ್ಲಲಿಲ್ಲವೆಂಬುದು ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ. ಒಂದು ಉತ್ತರ ನನಗೆ ತೋರುವುದು ಇದು: ಬೆರಳಚ್ಚನ್ನು ಕೇಳಿದವನು ಕಣ್ಣೆದುರಿಗಿದ್ದನು; ಬಂಡೆಯನ್ನು ಸಿಡಿಸಿದವನು ಕಾಣುತ್ತಿರಲಿಲ್ಲ.

ಇಂಗ್ಲಿಷ್ ನ್ಯಾಯಶಾಸ್ತ್ರವೂ ಆ ಕಾಲದಲ್ಲಿ ಯಜಮಾನನ ಪಕ್ಷದಲ್ಲಿಯೇ ಇದ್ದಿತು. ೧೮೩೭ರಲ್ಲಿ ಪ್ರೀಸ್ಟ್‌ಲಿ ಎಂಬ ಒಬ್ಬ ಕಟುಕನ ಆಳು, ಮಿತಿಮೀರಿ ಹೇರಿದ ಗಾಡಿ ಮುರಿದುಬಿದ್ದು ತೊಡೆ ಮುರಿದುಕೊಂಡನು. ಆ ಮೊಕದ್ದಮೆಯ ತೀರ್ಪಿನಿಂದ ಬೆಳೆದ ತತ್ತ್ವವೇನೆಂದರೆ, ಜೊತೆಯ ಆಳಿನ ತಪ್ಪಿನಿಂದ ಒಬ್ಬ ಆಳಿಗೆ ಪೆಟ್ಟಾದರೆ ಯಜಮಾನನು ಹೊಣೆಯಲ್ಲ ಎಂಬುದು. ಕಟುಕನ ಗಾಡಿಯಿಂದ ಹೊರಟ ಈ ತತ್ತ್ವವು ನೂರು ವರ್ಷಗಳಿಗೂ ಮಿಕ್ಕಿ ಗಣಿಗಳಲ್ಲಿ ಸತ್ತವರ ಹೆಂಡಿರು ಮಕ್ಕಳನ್ನು ನ್ಯಾಯಸ್ಥಾನದ ಬಾಗಿಲಿನಿಂದ ಹಿಂದಕ್ಕೆ ಕಳುಹಿಸುತ್ತ ಬಂದಿತು. ಇಂಗ್ಲೆಂಡಿನಲ್ಲಿ ಅದು ಪೂರ್ತಿಯಾಗಿ ರದ್ದಾದದ್ದು ೧೯೪೮ರಲ್ಲಿ. ಅದರ ಪಕ್ಕದಲ್ಲಿಯೇ, ತಪ್ಪು ಯಾರದೆಂದು ಕೇಳದೆ ಪರಿಹಾರವನ್ನು ಕೊಡತಕ್ಕದ್ದೆಂಬ ಹೊಸ ದಾರಿಯು ೧೮೯೭ರಲ್ಲಿ ಇಂಗ್ಲೆಂಡಿನಲ್ಲಿಯೂ ೧೯೨೩ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿಯೂ ತೆರೆಯಿತು. ಇದು ದೊಡ್ಡ ಉಪಕಾರ. ಆದರೆ ಅದರೊಡನೆ ಒಂದು ನಷ್ಟವೂ ಸೇರಿಕೊಂಡಿತು. ಹಣವನ್ನು ಎಣಿಸಿ ಕೊಟ್ಟಮೇಲೆ ತಪ್ಪು ಯಾರದೆಂದು ಕೇಳುವವರು ಕಡಮೆಯಾದರು.

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಸಿಕ್ಕಿಕೊಂಡವರನ್ನು ಎಲ್ಲಿಯವರೆಗೆ ಹುಡುಕಬೇಕು? ಕೋಲಾರದಲ್ಲಿ ಈ ಪ್ರಶ್ನೆ ಬಹು ಕಠಿಣವಾದದ್ದು. ಚಾಂಪಿಯನ್ ರೀಫ್ ಗಣಿಯು ಕೊನೆಗೆ ಹತ್ತು ಸಾವಿರ ಅಡಿಗಳನ್ನೂ ಮೀರಿ ಇಳಿಯಿತು. ಅಲ್ಲಿಯ ಬಂಡೆಯ ಕಾವು ಅರುವತ್ತು ಡಿಗ್ರಿ ಸೆಂಟಿಗ್ರೇಡಿಗೂ ಹೆಚ್ಚು. ಒಂದು ತೊಟ್ಟಿಲಿನಲ್ಲಿ ಇಳಿದು, ಅಡ್ಡ ಸುರಂಗದಲ್ಲಿ ನಡೆದು, ಮತ್ತೊಂದು ತೊಟ್ಟಿಲನ್ನು ಹತ್ತಿ ಮುಟ್ಟಬೇಕಾದ ತಾಣಗಳವು. ಒಂದು ಸಿಡಿತವಾದ ಮೇಲೆ ಮತ್ತೆ ಸಿಡಿಯುವುದಿಲ್ಲವೆಂಬ ಭರವಸೆಯಿಲ್ಲ. ಒಂದರ ಹಿಂದೊಂದು ಬರುವುದೇ ಹೆಚ್ಚು. ಆದಾಗ್ಯೂ ಜೊತೆಯವರು ಇಳಿಯುತ್ತಿದ್ದರು. ಆವರಗೆರೆಯ ಆ ನಾಲ್ವರ ಜಾತಿಯವರು ಪ್ರಪಂಚದ ಎಲ್ಲ ಗಣಿಗಳಲ್ಲಿಯೂ ಇದ್ದಾರೆ.

ಈ ಪ್ರಶ್ನೆಯು ಇಡೀ ಒಂದು ದೇಶವನ್ನು ಕಲಕಿದ ಪ್ರಸಂಗವೆಂದರೆ ಫ್ರಾನ್ಸಿನ ಕೂರಿಯೇರ್ ಎಂಬ ಕಂಪೆನಿಯ ಕಲ್ಲಿದ್ದಲ ಗಣಿಯದು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಫ್ರಾನ್ಸಿನ ಉತ್ತರದಲ್ಲಿ ಪಾ-ದ-ಕಲೆ ಎಂಬ ಸೀಮೆಯಿದೆ. ೧೯೦೬ನೆಯ ಮಾರ್ಚಿ ತಿಂಗಳ ೧೦ನೆಯ ತಾರೀಖು ಶನಿವಾರ ಬೆಳಗ್ಗೆ ಆರೂವರೆಯ ಸುಮಾರಿಗೆ ಅಲ್ಲಿಯ ಗಣಿಯೊಳಗೆ ಒಂದು ಸ್ಫೋಟವಾಯಿತು. ಕೆಳಗೆ ಸುಮಾರು ಸಾವಿರದ ಏಳುನೂರು ಮಂದಿ ಇದ್ದರು. ಜ್ವಾಲೆಯು ಕಲ್ಲಿದ್ದಲ ಧೂಳನ್ನು ಹಿಡಿದು, ಒಂದಕ್ಕೊಂದು ಕೂಡಿಕೊಂಡಿದ್ದ ಬಾವಿಗಳ ಸುರಂಗಗಳಲ್ಲಿ ನೂರು ಕಿಲೋಮೀಟರುಗಳಿಗೂ ಹೆಚ್ಚು ದೂರ ಓಡಿತು. ೧,೦೯೯ ಮಂದಿ ಸತ್ತರು. ಯೂರೋಪು ಖಂಡದ ಗಣಿಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಅಪಘಾತವಿಲ್ಲ.

ಇದಕ್ಕೆ ಮೂರು ದಿನಗಳ ಮುಂಚೆಯೇ ಒಂದು ಬಾವಿಯ ಒಳಗೆ ಬೆಂಕಿ ಕಾಣಿಸಿಕೊಂಡಿದ್ದಿತು. ಕಂಪೆನಿಯವರು ಅದರ ಸುತ್ತ ಗೋಡೆ ಕಟ್ಟಿ ಉಸಿರುಕಟ್ಟಿಸಲು ಯತ್ನಿಸಿ, ಉಳಿದ ಕಡೆ ಕೆಲಸವನ್ನು ನಡೆಯಿಸುತ್ತಲೇ ಇದ್ದರು. ಫ್ರಾನ್ಸಿನ ಶಾಸನದಂತೆ ಕೆಲಸಗಾರರು ತಮ್ಮಲ್ಲಿಯೇ ಒಬ್ಬನನ್ನು ಸುರಕ್ಷಣೆಯ ಪ್ರತಿನಿಧಿಯನ್ನಾಗಿ ಆರಿಸುತ್ತಿದ್ದರು. ಸಿಮೋನ್ ಎಂಬ ಪ್ರತಿನಿಧಿಯು, ಬೆಂಕಿ ಆರುವವರೆಗೆ ಯಾರನ್ನೂ ಇಳಿಸಬಾರದೆಂದು ಹೇಳಿದ್ದನು. ಅವನ ಮಾತು ನಡೆಯಲಿಲ್ಲ. ಆ ಬೆಂಕಿಯೇ ಸ್ಫೋಟಕ್ಕೆ ಕಾರಣವೆಂದು ವಿಚಾರಣೆಯಲ್ಲಿ ಸಿದ್ಧವಾಗಲಿಲ್ಲವೆಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು. ಆದರೆ ಸತ್ತವರ ಮನೆಯವರಿಗೆ ಆ ಸೂಕ್ಷ್ಮವು ಬೇಕಾಗಿರಲಿಲ್ಲ. ಹೇಳಿದ್ದನು, ಕೇಳಲಿಲ್ಲ, ಅವರಿಗೆ ಅಷ್ಟೇ ಸಾಕಾಗಿದ್ದಿತು.

ಮೊದಲನೆಯ ದಿನ ಇಂಜಿನಿಯರುಗಳೂ ಕೆಲಸಗಾರರೂ ಪ್ರಾಣದ ಹಂಗನ್ನು ತೊರೆದು ಇಳಿದರು. ನೂರಾರು ಮಂದಿ ಹೊರಕ್ಕೆ ಬಂದರು. ಆಮೇಲೆ ವಿಷದ ಗಾಳಿಯು ದಾರಿ ಬಿಡಲಿಲ್ಲ. ೧೨ನೆಯ ತಾರೀಖು ಜರ್ಮನಿಯ ವೆಸ್ಟ್‌ಫೇಲಿಯ ಸೀಮೆಯ ಗಣಿಗಳಿಂದ ಒಂದು ತಂಡವು, ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಯಂತ್ರಗಳೊಡನೆ ಬಂದಿಳಿಯಿತು. ಆ ಹೊತ್ತಿನಲ್ಲಿ ಮೊರಾಕೋ ದೇಶದ ವಿಷಯವಾಗಿ ಫ್ರಾನ್ಸಿಗೂ ಜರ್ಮನಿಗೂ ಜಗಳ ಹತ್ತಿ ಅಲ್ಜೆಸಿರಾಸಿನಲ್ಲಿ ಸಂಧಾನ ನಡೆಯುತ್ತಿದ್ದಿತು, ಯುದ್ಧವಾದೀತೆಂಬ ಭಯವಿದ್ದಿತು. ಅಂಥ ಶತ್ರುದೇಶದವರು ಬಂದದ್ದನ್ನು ಕಂಡು ಜನರು ಕಣ್ಣೀರಿಟ್ಟರು. ತಮ್ಮ ದೇಶದ ಶ್ರೀಮಂತ ಕಂಪೆನಿಯಲ್ಲಿ ಆ ಯಂತ್ರಗಳು ಏಕಿರಲಿಲ್ಲವೆಂದೂ ಕೇಳಿದರು. ಆದರೆ ಅಷ್ಟರಲ್ಲಿ ಅಧಿಕಾರಿಗಳು, ಒಳಗೆ ಯಾರೂ ಬದುಕಿರುವ ಸಂಭವವಿಲ್ಲವೆಂದು ನಿರ್ಣಯಿಸಿ, ಬೆಂಕಿಯನ್ನು ಅಡಗಿಸುವುದಕ್ಕಾಗಿ ಒಳಗಿನ ಗಾಳಿಯ ಸಂಚಾರವನ್ನು ಹಿಂದುಮುಂದಾಗಿ ತಿರುಗಿಸಿದ್ದರು. ೧೩ನೆಯ ತಾರೀಖು ಹಿಮ ಬೀಳುತ್ತಿರುವಾಗ, ಗುರುತು ಸಿಕ್ಕದ ಹೆಣಗಳನ್ನು ಒಂದೇ ಉದ್ದನೆಯ ಗುಂಡಿಯಲ್ಲಿ ಹೂಳಿದರು. ಅಲ್ಲಿಯೇ ಜನರ ಗುಂಪು ಕಂಪೆನಿಯ ಅಧಿಕಾರಿಗಳನ್ನು ಕೊಲೆಗಾರರೆಂದು ಕೂಗಿತು. ಮುಷ್ಕರವು ಗಣಿಯಿಂದ ಗಣಿಗೆ ಹಬ್ಬಿ ಹತ್ತಾರು ಸಾವಿರ ಮಂದಿ ಕೆಲಸಕ್ಕೆ ಹೋಗದೆ ನಿಂತರು. ಹೊಸದಾಗಿ ಒಳನಾಡಿನ ಮಂತ್ರಿಯಾಗಿದ್ದ ಕ್ಲೆಮಾನ್ಸೋ ತಾನೇ ಆ ಸೀಮೆಗೆ ಹೋಗಿ ಕೆಲಸಗಾರರೊಡನೆ ಮಾತನಾಡಿದನು. ಅನಂತರ ಸಾವಿರಾರು ಸೈನಿಕರನ್ನೂ ಕಳುಹಿಸಿದನು.

ಹೀಗಿರುವಲ್ಲಿ ಮಾರ್ಚಿ ೩೦ನೆಯ ತಾರೀಖು, ಸ್ಫೋಟವಾದ ಇಪ್ಪತ್ತು ದಿನಗಳ ಮೇಲೆ, ಒಂದು ಬಾವಿಯ ಬುಡಕ್ಕೆ ಹದಿಮೂರು ಮಂದಿ ನಡೆದುಕೊಂಡು ಬಂದರು. ಯಾರೂ ಅವರನ್ನು ಹುಡುಕಿರಲಿಲ್ಲ. ಅವರೇ ಕತ್ತಲಲ್ಲಿ ಗೋಡೆಗಳನ್ನು ತಡವುತ್ತ, ಹೆಣಗಳನ್ನು ದಾಟುತ್ತ ದಾರಿಯನ್ನು ಹುಡುಕಿಕೊಂಡಿದ್ದರು. ಸತ್ತವರ ಬುತ್ತಿಗಳನ್ನೂ, ಕುದುರೆಗಳಿಗಿಟ್ಟಿದ್ದ ಓಟ್ಸ್ ಧಾನ್ಯವನ್ನೂ, ಊರೆಗೊಟ್ಟ ಮರಗಳ ತೊಗಟೆಯನ್ನೂ, ಕೊನೆಗೆ ಒಂದು ಕುದುರೆಯ ಹಸಿಮಾಂಸವನ್ನೂ ತಿಂದು ಜೀವ ಹಿಡಿದಿದ್ದರು. ನೆನಿ ಎಂಬವನೂ ಪ್ರೂವೊ ಎಂಬ ಹಿರಿಯನೂ ಅವರಿಗೆ ಮುಂದಾಳುಗಳು. ಪ್ರೂವೊನ ಮಗನೂ ಆ ಗುಂಪಿನಲ್ಲಿದ್ದನು. ಐದು ದಿನಗಳ ಮೇಲೆ, ಏಪ್ರಿಲ್ ೪ನೆಯ ತಾರೀಖು, ಬೆರ್ತೂ ಎಂಬ ಇನ್ನೊಬ್ಬನು ಒಬ್ಬಂಟಿಗನಾಗಿ ಹೊರಬಂದನು.

ಸಂತೋಷಪಡಬೇಕಾದ ಸುದ್ದಿಯು ಹೇಗೆ ರೋಷವಾಯಿತೆಂಬುದನ್ನು ಊಹಿಸಿಕೊಳ್ಳಬಹುದು. ಹದಿಮೂರು ಮಂದಿ ಇಪ್ಪತ್ತು ದಿನ ಬದುಕಿದ್ದರೆ, ಮೂರನೆಯ ದಿನ ಎಷ್ಟು ಮಂದಿ ಬದುಕಿದ್ದರು? ಐದನೆಯ ದಿನ? ಗಾಳಿಯನ್ನು ತಿರುಗಿಸಿದಾಗ ಹೊಗೆಯು ಯಾರ ಕಡೆಗೆ ಹೋಯಿತು? ಕಂಪೆನಿಯು ಕಾಪಾಡಲು ಯತ್ನಿಸಿದ್ದು ಮನುಷ್ಯರನ್ನೋ ಕಲ್ಲಿದ್ದಲನ್ನೋ? ಜೋರೆಸ್ ಮೊದಲಾದ ಸಮಾಜವಾದಿ ಮುಖಂಡರು ಪತ್ರಿಕೆಗಳಲ್ಲಿಯೂ ಸಭೆಯಲ್ಲಿಯೂ ಇದನ್ನು ಎತ್ತಿದರು. ಇಂಜಿನಿಯರುಗಳು ಹೇಳಿದ ಸಮಾಧಾನವೂ ತೀರ ಅಲ್ಲಗಳೆಯತಕ್ಕದ್ದಲ್ಲ. ಬೆಂಕಿಯನ್ನು ಬಿಟ್ಟಿದ್ದರೆ ಎರಡನೆಯ ಸ್ಫೋಟವಾಗಿ ಹುಡುಕುವವರೂ ಸಾಯಬಹುದಾಗಿದ್ದಿತು. ನನ್ನ ಮಟ್ಟಿಗೆ ಹೇಳುವುದಾದರೆ, ಅವರ ತಪ್ಪು ಗಾಳಿಯನ್ನು ತಿರುಗಿಸಿದ್ದರಲ್ಲಿ ಅಷ್ಟಾಗಿ ಇಲ್ಲ. ಯಾರೂ ಬದುಕಿಲ್ಲವೆಂದು ಸಾರಿಬಿಟ್ಟದ್ದರಲ್ಲಿ ಇದೆ. ತಿಳಿಯದೆಂದು ಹೇಳಬೇಕಾಗಿದ್ದಲ್ಲಿ ಇಲ್ಲವೆಂದು ಹೇಳಿದರು. ಕಂಪೆನಿಯವರಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ವಾರಕ್ಕೊಂದು ದಿನ ಬಿಡುವು ಕೊಡತಕ್ಕದ್ದೆಂಬ ಶಾಸನವು ಅದೇ ವರ್ಷದ ಜುಲೈ ೧೩ರಂದು ಫ್ರಾನ್ಸಿನಲ್ಲಿ ಆದುದಕ್ಕೆ ಈ ಕೋಲಾಹಲವೂ ಒಂದು ಕಾರಣ. ರಕ್ಷಣೆಯ ಠಾಣೆಗಳೂ ಧೂಳಿನ ಪ್ರಯೋಗಶಾಲೆಯೂ ಆಮೇಲೆ ಬಂದವು.

ಧೂಳಿನ ಮಾತು ಬಂದುದರಿಂದ ಒಂದು ಚಿಕ್ಕ ಕಥೆಯನ್ನು ಹೇಳಿಬಿಡುತ್ತೇನೆ. ಕಲ್ಲಿದ್ದಲ ಧೂಳು ಸ್ಫೋಟವನ್ನು ಬೆಳೆಸುತ್ತದೆಂಬುದು ೧೯೦೬ರಲ್ಲಿ ಹೊಸ ಸಂಗತಿಯಾಗಿರಲಿಲ್ಲ. ೧೮೪೪ರಲ್ಲಿಯೇ ಇಂಗ್ಲೆಂಡಿನ ಹ್ಯಾಸ್ವೆಲ್ ಗಣಿಯಲ್ಲಿ ೯೫ ಮಂದಿ ಸತ್ತಾಗ, ವಿಚಾರಣೆಗೆ ಹೋದ ವಿಜ್ಞಾನಿ ಫ್ಯಾರಡೆಯು ಅದನ್ನು ಕಂಡು ಬರೆದಿದ್ದನು. ಫ್ಯಾರಡೆಯು ಆ ಗಣಿಯೊಳಗೆ ಕುಳಿತು, ಸಿಡಿಮದ್ದನ್ನು ಎಲ್ಲಿ ಇಡುತ್ತೀರೆಂದು ಕೇಳಿದಾಗ, ತಾವು ಕುಳಿತಿರುವ ಚೀಲದಲ್ಲಿಯೇ ಎಂದು ಉತ್ತರ ಬಂದಿತಂತೆ! ಅವನ ವರದಿಯನ್ನು ಗೌರವದಿಂದ ಓದಿ ಬದಿಗಿಟ್ಟರು. ಕೂರಿಯೇರಿನ ಗಣಿಯಲ್ಲಿ ಉರಿಯುವ ಅನಿಲವು ಹೆಚ್ಚಾಗಿಲ್ಲವೆಂಬ ನಂಬಿಕೆಯಿಂದ ಬಿಚ್ಚುದೀಪಗಳನ್ನೇ ಉಪಯೋಗಿಸುತ್ತಿದ್ದರು. ಧೂಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ವೇಲ್ಸಿನಲ್ಲಿಯೂ ೧೯೩೪ರಲ್ಲಿ ಗ್ರೆಸ್‌ಫರ್ಡ್ ಎಂಬ ಗಣಿಯಲ್ಲಿ ೨೬೬ ಮಂದಿ ಸತ್ತಾಗ, ಬೆಂಕಿಯ ಭಯದಿಂದ ಗಣಿಯ ಬಾಯಿಯನ್ನು ಮುಚ್ಚಿಬಿಟ್ಟರು; ಹನ್ನೊಂದು ಹೆಣಗಳು ಮಾತ್ರ ಹೊರಬಂದವು. ವಿಚಾರಣೆಯಲ್ಲಿ ಗಾಳಿಯ ಪ್ರಮಾಣದ ದಾಖಲೆಗಳನ್ನು ಅಪಘಾತವಾದ ಮೇಲೆ ಕೂತು ಬರೆದಿದ್ದರೆಂಬುದು ಹೊರಬಿದ್ದಿತು. ಕೊನೆಗೆ ಆದದ್ದು ಸ್ವಲ್ಪ ಜುಲ್ಮಾನೆ.

ನಮ್ಮ ದೇಶದ್ದನ್ನೇ ನೋಡೋಣ. ೧೯೭೫ನೆಯ ಡಿಸೆಂಬರ್ ೨೭ರಂದು ಧನಬಾದಿನ ಬಳಿಯ ಚಸನಾಲಾ ಗಣಿಯಲ್ಲಿ, ಮೇಲಿನ ಹಳೆಯ ಗಣಿಯಲ್ಲಿ ನಿಂತಿದ್ದ ನೀರು ನಡುವಿನ ಗೋಡೆಯನ್ನು ಒಡೆದು ಒಳನುಗ್ಗಿತು. ಸರ್ಕಾರದ ಲೆಕ್ಕದಂತೆ ೩೭೫ ಮಂದಿ ಸತ್ತರು. ಹೊರದೇಶಗಳಿಂದ ಪಂಪುಗಳನ್ನು ತರಿಸಬೇಕಾಯಿತು. ಹಳೆಯ ಗಣಿಯ ನೀರು ಅಲ್ಲಿದೆಯೆಂಬುದು ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ನ್ಯಾಯಸ್ಥಾನದಲ್ಲಿ ಇಬ್ಬರು ಅಧಿಕಾರಿಗಳಿಗೆ ಒಂದು ವರ್ಷದ ಶಿಕ್ಷೆಯ ತೀರ್ಪಾದದ್ದು ೨೦೧೨ರಲ್ಲಿ. ಮೂವತ್ತಾರು ವರ್ಷಗಳ ಮೇಲೆ. ಇದಕ್ಕೆ ಪ್ರತಿಯಾಗಿ ೧೯೮೯ರ ನವೆಂಬರಿನಲ್ಲಿ ರಾಣಿಗಂಜಿನ ಮಹಾಬೀರ್ ಗಣಿಯಲ್ಲಿ ನೀರು ನುಗ್ಗಿ ೭೧ ಮಂದಿ ಸಿಕ್ಕಿಕೊಂಡಾಗ, ಜಸ್ವಂತ್ ಸಿಂಗ್ ಗಿಲ್ ಎಂಬ ಇಂಜಿನಿಯರರು ನೆಲದ ಮೇಲಿನಿಂದ ಅಗಲವಾದ ರಂಧ್ರವನ್ನು ಕೊರೆಯಿಸಿ, ಒಬ್ಬ ಮನುಷ್ಯನು ಮಾತ್ರ ಹಿಡಿಸುವ ಉಕ್ಕಿನ ಗೂಡೊಂದನ್ನು ಮಾಡಿಸಿ, ತಾವೇ ಅದರಲ್ಲಿ ಇಳಿದು, ಬದುಕಿದ್ದ ೬೫ ಮಂದಿಯನ್ನು ಒಬ್ಬೊಬ್ಬರಾಗಿ ಮೇಲಕ್ಕೆ ಕಳುಹಿಸಿದರು. ಬೇರೆಯವರನ್ನು ಇಳಿಸಬಹುದಾಗಿದ್ದಿತು, ಇಳಿಸಲಿಲ್ಲ.

ಈಚಿನದು ಮೇಘಾಲಯದ ಕ್ಸಾನ್ ಎಂಬ ಹಳ್ಳಿಯದು. ೨೦೧೮ನೆಯ ಡಿಸೆಂಬರ್ ೧೩ರಂದು ಅಲ್ಲಿಯ ಇಲಿಬಿಲದಂಥ ಗಣಿಯಲ್ಲಿ ನೀರು ನುಗ್ಗಿ ಹದಿನೈದು ಮಂದಿ ಸಿಕ್ಕಿಕೊಂಡರು. ಅಂಥ ಗಣಿಗಳನ್ನು ೨೦೧೪ರಲ್ಲಿಯೇ ಹಸಿರು ನ್ಯಾಯಪೀಠವು ನಿಷೇಧಿಸಿದ್ದಿತು. ಕಾನೂನಿನ ಕಣ್ಣಿಗೆ ಇಲ್ಲದ ಗಣಿಗೆ ಯಜಮಾನನೂ ಇಲ್ಲ, ನಕ್ಷೆಯೂ ಇಲ್ಲ. ದೊಡ್ಡ ಪಂಪುಗಳು ಆ ಗುಡ್ಡಗಾಡನ್ನು ಮುಟ್ಟುವ ವೇಳೆಗೆ ಎರಡು ವಾರಗಳು ಕಳೆದಿದ್ದವು. ಅವುಗಳಲ್ಲಿ ಕಿರ್ಲೋಸ್ಕರ್ ಕಂಪೆನಿಯವು ಇದ್ದವು. ಆ ಹೆಸರನ್ನು ಹೊತ್ತ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ನಮ್ಮ ನೆರೆಯ ಹರಿಹರದಲ್ಲಿ ೧೯೪೧ರಿಂದ ಎಷ್ಟೋ ಕಾಲ ಲೇತುಗಳನ್ನು ತಯಾರಿಸುತ್ತಿದ್ದುದು ಇಲ್ಲಿಯವರಿಗೆ ನೆನಪಿರಬಹುದು. ಅದೇ ವರ್ಷದ ಜುಲೈಯಲ್ಲಿ ಥಾಯ್ಲೆಂಡಿನ ಗುಹೆಯಿಂದ ಹನ್ನೆರಡು ಹುಡುಗರನ್ನೂ ಅವರ ಗುರುವನ್ನೂ ಪ್ರಪಂಚವೆಲ್ಲ ಕೂಡಿ ಎತ್ತಿದ್ದುದರಿಂದ, ಇವರಿಗೇಕೆ ಅಷ್ಟು ಬೇಗ ಯಾರೂ ಬರಲಿಲ್ಲವೆಂಬ ಪ್ರಶ್ನೆಯು ದೇಶದಲ್ಲೆಲ್ಲ ಎದ್ದು ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಹುಡುಕುವುದನ್ನು ನಿಲ್ಲಿಸಕೂಡದೆಂದು ನ್ಯಾಯಾಲಯವು ಹೇಳಿತು. ತಿಂಗಳುಗಳ ಮೇಲೆ ನಿಲ್ಲಿಸಿದಾಗ ಎರಡು ಹೆಣಗಳು ಮಾತ್ರ ಹೊರಗೆ ಬಂದಿದ್ದವು.

ಕೋಲಾರಕ್ಕೆ ಹಿಂದಿರುಗಿ ಮುಗಿಸುತ್ತೇನೆ. ಗಣಿಗಳನ್ನು ೧೯೫೬ರಲ್ಲಿ ಮೈಸೂರು ಸರ್ಕಾರದವರು ವಹಿಸಿಕೊಂಡರು. ೧೯೬೨ರಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿದವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪೆನಿಯಾಯಿತು. ೨೦೦೧ರಲ್ಲಿ ಕೆಲಸ ನಿಂತಿತು. ಬಂಡೆಯ ಸಿಡಿತದಿಂದ ಸತ್ತವರ ಲೆಕ್ಕವು ವರದಿಗಳಲ್ಲಿದೆ. ಇನ್ನೊಂದು ಲೆಕ್ಕವು ಬೇರೆ ಕಡೆ ಇದೆ. ಬೆಣಚುಕಲ್ಲಿನ ಧೂಳನ್ನು ಉಸಿರಿನಲ್ಲಿ ಎಳೆದುಕೊಂಡವರಿಗೆ ಕ್ರಮೇಣ ಶ್ವಾಸಕೋಶಗಳು ಗಟ್ಟಿಯಾಗಿ ಬರುವ ಸಿಲಿಕೋಸಿಸ್ ಎಂಬ ರೋಗವಿದೆ. ೧೯೪೦ರ ದಶಕದಲ್ಲಿ ಗಣಿಯ ವೈದ್ಯರು ಸಾವಿರಾರು ಮಂದಿ ಕೆಲಸಗಾರರನ್ನು ಪರೀಕ್ಷಿಸಿದಾಗ, ನೂರಕ್ಕೆ ನಲವತ್ತು ಮಂದಿಗೂ ಮಿಕ್ಕಿ ಅದರ ಗುರುತುಗಳು ಕಂಡವು. ಅವರು ಯಾವ ಪಂಕ್ತಿಯಲ್ಲಿಯೂ ಬರಲಿಲ್ಲ. ಆಕಸ್ಮಿಕವೆನ್ನಲು ಅದು ಒಂದು ಗಳಿಗೆಯಲ್ಲಿ ಆದದ್ದಲ್ಲ. ಅವರಲ್ಲಿ ಬಹುಮಂದಿ ಕೆಲಸವನ್ನು ಬಿಟ್ಟು ಊರಿಗೆ ಹೋಗಿ, ಆರ್ಕಾಡಿನ ಯಾವುದೋ ಕೇರಿಯಲ್ಲಿ, ಕೆಮ್ಮುತ್ತ ಸತ್ತರು. ಈಗ ಪಂಪುಗಳು ನಿಂತು ಆ ಸುರಂಗಗಳಲ್ಲಿ ನೀರು ತುಂಬಿಕೊಂಡಿದೆ. ಮೇಲೆ ಸಯನೈಡಿನಲ್ಲಿ ತೊಳೆದ ಮಣ್ಣಿನ ಬಿಳಿಯ ದಿಬ್ಬಗಳಿವೆ. ಬೇಸಿಗೆಯಲ್ಲಿ ಗಾಳಿ ಎದ್ದಾಗ ಆ ಧೂಳು ಕೆಲಸಗಾರರ ಹಳೆಯ ಸಾಲುಮನೆಗಳ ಕಡೆಗೆ ಬೀಸುತ್ತದೆ; ಅಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ವಾಸವಾಗಿದ್ದಾರೆ.